ಕುದುರೆ ಬಿಟ್ಟ ಹೂವು

ಕಣಗಿಲೆಯ ಟೊಂಗೆ ಮುರಿದಾಗ ಬರುವ ಹಸಿ ಹಾಲಿನ ವಾಸನೆಗೆ ನನಗೆ ಈಗಲೂ ಮೊದಲು ನೆನಪಾಗುವುದು ದೇವರಲ್ಲ, ಕುದುರೆ.

ನಾಸಿಕ್ ರೋಡ್ ಎಂಬ ಊರಿನಲ್ಲಿ ನಮ್ಮ ಹಿತ್ತಿಲ ಬೇಲಿಯಾಚೆ ಟಾಂಗಾ ಚಾಚಾ ತನ್ನ ಕುದುರೆ ರಾಣಿಯನ್ನು ಕಟ್ಟುತ್ತಿದ್ದ. ಬೀದರಿನಿಂದ ಬಂದ ನಮ್ಮಜ್ಜಿ ಶಿವಪೂಜೆಗೆಂದು ಆ ಬೇಲಿಯುದ್ದಕ್ಕೂ ಕಣಗಿಲೆ ಹಚ್ಚಿದ್ದಳು.

“ಅಜ್ಜಿ, ಇದು ಘೋಡಿಗೆ ಜಹರ್ ಅದರಿ. ಒಂದು ಮುಷ್ಟಿ ಎಲಿ ತಿಂದ್ರೂ ಖತಂ. ಕಡಸ್ರಿ,” ಎಂದು ಚಾಚಾ ನಮ್ಮಿಂದಲೇ ಕಲಿತ ಕನ್ನಡದಲ್ಲಿ ದಿನಾ ಬೇಡುತ್ತಿದ್ದ.

“ಶಿವನ ತಲಿ ಮ್ಯಾಲ ಏರೋ ಹೂವು ವಿಷ ಹ್ಯಾಂಗ ಆಗ್ತದಪಾ?”

“ಶಿವ ವಿಷ ಕುಡದು ದಕ್ಕಿಸ್ಕೊಂಡ್ರು. ನಮ್ಮ ರಾಣಿಗೆ ಆಗಂಗಿಲ್ರಿ.”

ಒಂದು ಮಧ್ಯಾಹ್ನ ರಾಣಿ ಹಗ್ಗ ಬಿಚ್ಚಿಕೊಂಡು ಹಿತ್ತಿಲಿಗೆ ನುಗ್ಗಿತು. ಅಜ್ಜಿ ಸಂಜೆಯ ಪೂಜೆಗೆ ಕಟ್ಟೆಯ ಮೇಲಿಟ್ಟಿದ್ದ ಹೂಬುಟ್ಟಿಗೆ ಮೂತಿ ಹಾಕಿ ಮೆಲ್ಲತೊಡಗಿತು. ಚಾಚಾ ಬೇಲಿಯಾಚೆಯಿಂದ “ಜಹರ್, ಜಹರ್!” ಎಂದು ಕೂಗಿಕೊಂಡ. ಓಡಿದವಳು ಅಜ್ಜಿ. “ಉಗುಳು, ನಮ್ಮವ್ವಾ, ಉಗುಳು!” ಎನ್ನುತ್ತ ಬಳೆ ಸಮೇತ ಕೈಯನ್ನು ಕುದುರೆಯ ಬಾಯಿಗೆ ತುರುಕಿದಳು. ಜೊಲ್ಲಿನೊಂದಿಗೆ ಹೊರಬಂದದ್ದು ಕರಿಕೆ ಹುಲ್ಲು ಮತ್ತು ದಾಸವಾಳ. ಕಣಗಿಲೆ ಹೂಗಳೆಲ್ಲ ಬುಟ್ಟಿಯ ತಳದಲ್ಲಿ ಇಟ್ಟ ಹಾಗೇ ಇದ್ದವು.

ಅಜ್ಜಿ ಜೊಲ್ಲು ಸೆರಗಿಗೆ ಒರೆಸಿಕೊಂಡು, ಕುಡುಗೋಲು ತಂದು, ಹೊತ್ತು ಮುಳುಗುವುದರೊಳಗೆ ಅಷ್ಟೂ ಬೇಲಿ ತಾನೇ ಕಡಿದಳು. ಒಣ ಎಲೆಯೂ ಜಹರ್ ಎಂದು ಚಾಚಾ ಒಂದೊಂದನ್ನೂ ಆರಿಸಿ ಒಯ್ದ.

ಮರುದಿನದಿಂದ ಯಾವ ಹೂವೂ ರಾಣಿಗೆ ತೋರಿಸದೆ ದೇವರ ಮನೆಗೆ ಹೋಗಲಿಲ್ಲ. ಮೂಸಿದ ಹೂವು ಪೂಜೆಗೆ ನಡೆಯುವುದಿಲ್ಲ, ಅದಕ್ಕೇ ಅಜ್ಜಿ ಮಾರು ದೂರದಲ್ಲಿ ಬುಟ್ಟಿ ಹಿಡಿದು ನಿಂತು ಹೇಳುತ್ತಿದ್ದಳು:

“ಮೂಸಬ್ಯಾಡ. ಬರೇ ನೋಡಿ ಹೇಳು.”