ಮಾಯಿಲಪ್ಪ ಕೆತ್ತಿದ ಬೆನ್ನು

"ನೀರು ಹಾಕಿ ನೋಡುವುದಾ ಪೊರ್ಬುಲೆ?" ಎಂದು ಮಾಯಿಲಪ್ಪ ತುಳುವಿನ ಮರ್ಯಾದೆ ಸೇರಿಸಿ ಕೇಳಿದಾಗ, ಆಂಬ್ರೋಸನ ಬಾಯಲ್ಲಿದ್ದ ಚಹಾ ಅರ್ಧ ಮೂಗಿಗೆ ಏರಿತು.

"ಎಂತ ನೀರು? ಇದು ಗಿಟಾರಿನ ಬೆನ್ನು ಮಾರಾಯ, ದೋಣಿ ಅಲ್ಲ!"

ಮಾಯಿಲಪ್ಪನದ್ದು ತಪ್ಪಿಲ್ಲ. ನಲವತ್ತು ವರ್ಷ ದೋಣಿ ಕಟ್ಟಿದವನು. ಹಲಗೆ ಜೋಡಿಸಿದ ಮೇಲೆ ನಾಲ್ಕು ಕೊಡ ನೀರು ಸುರಿದು, ಎಲ್ಲಿ ಸೋರುತ್ತದೆಂದು ನೋಡದಿದ್ದರೆ ಅವನಿಗೆ ಉಂಡ ಅನ್ನ ಮೈಗೆ ಹತ್ತುವುದಿಲ್ಲ. ಈಗ ಕಡಲಿಗೆ ಇಳಿಯುವುದೆಲ್ಲ ಫೈಬರ್ ದೋಣಿಗಳು, ಅವನ ಉಳಿಯನ್ನು ಕೇಳುವವರಿಲ್ಲ. ತಿಂಗಳ ಹಿಂದೆ ಅತ್ತಾವರದ ಆಂಬ್ರೋಸನ ಈ ಮನೆಗೆ ಅಡುಗೆಕೋಣೆಯ ಬಾಗಿಲು ಸರಿಮಾಡಲು ಬಂದಿದ್ದ. ಅವನು ಉಳಿ ಹಿಡಿದ ಚಂದ ನೋಡಿದ್ದೇ ತಡ, ಆಂಬ್ರೋಸ್ ಅವನನ್ನು ಎಳೆದುಕೊಂಡು ಬಂದು ಮನೆಯ ಮುಂದಿನ ಕೋಣೆಯಲ್ಲಿದ್ದ ತನ್ನ ಗಿಟಾರ್ ಅಂಗಡಿಯಲ್ಲಿ ಕೂರಿಸಿದ. ಆ ಬಾಗಿಲು ಇವತ್ತಿಗೂ ಕಿರುಗುಟ್ಟುತ್ತಿದೆ.

ಆಂಬ್ರೋಸನ ಬಲಗೈಗೆ ಒಂದು ವರ್ಷದಿಂದ ನಡುಕ. 'ಹೊಸ ಗಿಟಾರ್ ಮಾಡಿ ಕೊಡುವುದಿಲ್ಲ' ಎಂದು ಅವನ ಹೆಂಡತಿ ವಿನಿಫ್ರೆಡ್ ಕಾಗದದಲ್ಲಿ ದೊಡ್ಡದಾಗಿ ಬರೆದು ಅಂಗಡಿಯ ಬಾಗಿಲಿಗೆ ಅಂಟಿಸಿದ್ದಳು. ಬರೆಯುವಾಗ ಅತ್ತೂ ಇದ್ದಳು. ಅಂದಿನಿಂದ ಒಂದು ಗಿಟಾರು ಬೆನ್ನಿಲ್ಲದೆ ಮೂಲೆಯಲ್ಲಿ ಬಿದ್ದಿತ್ತು. ಆ ಬೆನ್ನು ಇವತ್ತು ಹೊಂದಿಕೊಂಡರೆ ಅಂಗಡಿ ಉಳಿಯುತ್ತದೆ. ಕೆಟ್ಟರೆ ಇಂಥ ಬೀಟೆ ಮರದ ಹಲಗೆ ಮತ್ತೊಂದಿಲ್ಲ, ಮತ್ತೊಮ್ಮೆ ಕೈಹಾಕುವ ಧೈರ್ಯ ಆಂಬ್ರೋಸನಿಗೂ ಇಲ್ಲ.

ಬೆನ್ನಿನ ಉಬ್ಬು ತರುವುದು ಮಾಯಿಲಪ್ಪನಿಗೆ ನೀರು ಕುಡಿದಷ್ಟು ಸುಲಭವಾಗಿತ್ತು. ಬೆನ್ನಿನ ಒಳಮೈಗೆ ಅಂಟಿಸುವ ನಾಲ್ಕು ಅಡ್ಡಪಟ್ಟಿಗಳ ಅಡಿಯನ್ನು ಯಾವ ಅಚ್ಚೂ ಇಲ್ಲದೆ, ಒಂದು ಕಣ್ಣು ಮುಚ್ಚಿ ನೋಡಿಯೇ ಬಾಗಿಸಿ ಕೆತ್ತಿದ್ದ. ನಿನ್ನೆ ಅಂಟು ಹಾಕಿ ಬಿಗಿದಾಗ ತೆಳು ಹಲಗೆ ಆ ಬಾಗಿಗೆ ಸರಿಯಾಗಿ ಒರಗಿ ಕುಳಿತಿತ್ತು. ಆಂಬ್ರೋಸ್ ಎರಡು ಸಲ ಅಳೆದು ನೋಡಿ 'ಹ್ಞೂಂ' ಎಂದ. ಅವನ ಬಾಯಿಂದ ಅದಕ್ಕಿಂತ ದೊಡ್ಡ ಹೊಗಳಿಕೆ ಬರುವುದೂ ಇಲ್ಲ.

ತೊಂದರೆ ಇದ್ದದ್ದು ಪಟ್ಟಿಗಳ ದಪ್ಪದಲ್ಲಿ. ಆಂಬ್ರೋಸ್ ಬೆನ್ನನ್ನು ಎತ್ತಿ ಹಿಡಿದು ತಟ್ಟಿದ. ಊಟದ ಮಣೆಗೆ ತಟ್ಟಿದ ಹಾಗೆ 'ಟಕ್' ಎಂದಿತು.

"ಇದರಲ್ಲಿ ಆರು ಜನ ಕೂತು ಮಲ್ಪೆಗೆ ಹೋಗಿ ಬರಬಹುದು. ಕೆತ್ತು, ಅರ್ಧಕ್ಕರ್ಧ ತೆಗೆ."

"ದೋಣಿಯ ಪಕ್ಕೆಲುಬು ತೆಳು ಮಾಡಿದರೆ ಜನ ಸಾಯ್ತಾರೆ ಪೊರ್ಬುಲೆ."

"ಇದರಲ್ಲಿ ಜನ ಹೋಗ್ಲಿಕ್ಕಿಲ್ಲ. ಸ್ವರ ಮಾತ್ರ ಹೋಗುವುದು. ಅದಕ್ಕೆ ಸ್ವಲ್ಪ ದಾರಿ ಬಿಡು ಮಾರಾಯ!"

ಮಾಯಿಲಪ್ಪ ಉಳಿ ಇಟ್ಟ, ತೆಗೆದ, ಮತ್ತೆ ಇಟ್ಟ. ಗಟ್ಟಿ ಮಾಡುವುದೊಂದನ್ನೇ ಕಲಿತ ಕೈಗೆ ಹೆದರಿಕೆಯಾಗಿತ್ತು. ಕೊನೆಗೆ ಮನಸ್ಸಿನಲ್ಲೇ ಕಡಲಿಗೆ ಕೈಮುಗಿದು ಒಂದು ಸಿಪ್ಪೆ ತೆಗೆದ. ತಟ್ಟಿದ. 'ಟಕ್.' ಇನ್ನೊಂದು, ಮತ್ತೊಂದು. ಹತ್ತನೆಯ ಸಿಪ್ಪೆಗೆ 'ಟೊಕ್' ಎಂದಿತು. ಅವನು ಹುಬ್ಬೇರಿಸಿದ. ಇಪ್ಪತ್ತಕ್ಕೆ 'ಡೊಂಕ್.' ಅಲ್ಲಿಂದ ಮುಂದೆ ಅವನಿಗೆ ಹೆದರಿಕೆ ನೆನಪಾಗಲಿಲ್ಲ. ಕೆತ್ತುತ್ತಾನೆ, ತಟ್ಟುತ್ತಾನೆ, ಒಬ್ಬನೇ ನಗುತ್ತಾನೆ. ಮಡಿಲ ತುಂಬ ಸುರುಳಿ ಸುರುಳಿ ಸಿಪ್ಪೆ.

ಈಗ ಹೆದರುವ ಸರದಿ ಆಂಬ್ರೋಸನದು. "ಸಾಕು! ಸಾಕು ಮಾರಾಯ, ಮುಳುಗಿಸ್ತೀಯಾ ನನ್ನನ್ನು!"

"ಸ್ವಲ್ಪ ತಡೀರಿ. ಈ ಕೆಳಗಿನ ಪಟ್ಟಿ ಇನ್ನೂ ಮೂಗಿನಲ್ಲಿ ಮಾತಾಡ್ತಾ ಉಂಟು."

ಆಂಬ್ರೋಸ್ ಬೆಂಚನ್ನು ಗಟ್ಟಿಯಾಗಿ ಹಿಡಿದುಕೊಂಡ. ಮಾಯಿಲಪ್ಪ ಉಸಿರು ಬಿಗಿಹಿಡಿದು, ಈರುಳ್ಳಿ ಸಿಪ್ಪೆಯಷ್ಟು ತೆಳುವಾದ ಒಂದೇ ಒಂದು ಸುರುಳಿ ತೆಗೆದ. ಬೆನ್ನನ್ನು ಎರಡು ಬೆರಳಲ್ಲಿ ತೂಗಿಸಿ ಹಿಡಿದು ಗೆಣ್ಣಿನಿಂದ ತಟ್ಟಿದ.

'ಧೋಂ...'

ಸ್ವರ ಕೋಣೆಯನ್ನೆಲ್ಲ ಸುತ್ತಿತು. ಅದು ನಿಂತ ಮೇಲೂ ಏನೋ ಸಣ್ಣಗೆ ಗುಂಯ್‌ಗುಡುತ್ತಿತ್ತು. ಇಬ್ಬರೂ ತಲೆ ಎತ್ತಿ ನೋಡಿದರು. ಗೋಡೆಗೆ ತೂಗುಹಾಕಿದ್ದ ಹಳೆಯ ಗಿಟಾರಿನ ತಂತಿ, ಯಾರೂ ಮುಟ್ಟದೆ ತಾನಾಗಿಯೇ ಓಗೊಡುತ್ತಿತ್ತು.

"ಕೊಡು ಇಲ್ಲಿ!" ಎಂದು ಆಂಬ್ರೋಸ್ ತಾನೂ ತಟ್ಟಹೋದ. ನಡುಗುವ ಬೆರಳು ಒಂದು ಸಲ ತಟ್ಟಲು ಹೋಗಿ ನಾಲ್ಕು ಸಲ ತಟ್ಟಿತು. ಧೋಂ-ಧೋಂ-ಧೋಂ-ಧೋಂ! ಅವನು ತನ್ನ ಕೈಯನ್ನೇ ನೋಡಿ ಗಹಗಹಿಸಿ ನಕ್ಕ. ಒಂದು ವರ್ಷದಲ್ಲಿ ಆ ಕೈ ನೋಡಿ ಅವನು ನಕ್ಕದ್ದು ಇದೇ ಮೊದಲು.

ಅಡುಗೆಕೋಣೆಯ ಬಾಗಿಲು ಕಿರ್ರೆಂದಿತು. ಸೌಟು ಹಿಡಿದುಕೊಂಡೇ ವಿನಿಫ್ರೆಡ್ ಓಡಿ ಬಂದಳು. "ಯಾರು ಬಾರಿಸಿದ್ದು?"

"ನಿನ್ನ ಬಾಗಿಲು ಸರಿಮಾಡುವವನು," ಎಂದ ಆಂಬ್ರೋಸ್.

"ನಾಳೆ ಮಾಡ್ತೇನೆ ಬಾಯಮ್ಮ," ಎಂದ ಮಾಯಿಲಪ್ಪ, ತಲೆ ಕೆರೆಯುತ್ತ.

"ನಾಳೆ ನಿಮಗೆ ಪುರುಸೊತ್ತು ಎಲ್ಲಿ ಉಂಟು ಮಾಯಿಲಪ್ಪಣ್ಣ?" ಎಂದವಳು ಒಮ್ಮೆ ಅಂಗಡಿಯ ಬೀದಿಬಾಗಿಲಿಗೆ ಹೋಗಿ, ಸರಸರನೆ ಒಳಗೆ ನಡೆದಳು.

ಸ್ವಲ್ಪ ಹೊತ್ತಿಗೆ ಬಿಸಿಬಿಸಿ ಗೋಳಿಬಜೆ ಬಂತು. ತಟ್ಟೆಯಲ್ಲಿ ಹಾಸಿದ್ದು ಅಂಗಡಿಯ ಬಾಗಿಲಿಗೆ ಅಂಟಿಸಿದ್ದ ಆ ಕಾಗದ. ವಿನಿಫ್ರೆಡ್ ಅತ್ತುಕೊಂಡು ಬರೆದ ದೊಡ್ಡ ದೊಡ್ಡ ಅಕ್ಷರಗಳು, ಎಣ್ಣೆ ಹೀರಿಕೊಂಡು, ಒಂದೊಂದಾಗಿ ಅಳಿಸಿಹೋಗುತ್ತಿದ್ದವು.