ಬಕೆಟ್ ಸಿಸ್ಟರ್ ಓದಿದ ಕಾಗದ

ಚಳಿಗಾಲ ಆಗಷ್ಟೇ ಕಾಲಿಟ್ಟಿತ್ತು. ಬೆಳಗಿನ ಹತ್ತು ಗಂಟೆ. ಹಂಡೆಯಲ್ಲಿ ಬಟ್ಟೆ ಸೋಡಾ ಹಾಕಿದ ನೀರು ಕೊತಕೊತ ಕುದಿಯುತ್ತಿತ್ತು. ಒಗೆಯುವ ಅಜ್ಜಿ ಕೋಲು ಹಿಡಿದು ರೋಗಿಗಳ ಹಾಸುಬಟ್ಟೆ ಅದ್ದುತ್ತಿದ್ದಾಗ ಫಾದರ್ ಒಳಗೆ ಬಂದರು, ಕಂಕುಳಲ್ಲಿ ದಪ್ಪ ಫೈಲು. ಆವಿಗೆ ಕನ್ನಡಕ ಮಂಜಾಗಿ, ಎದುರಿಗಿದ್ದ ಕಂಬಕ್ಕೇ ನಮಸ್ಕಾರ ಹೇಳಿದರು.

“ನಾನು ಇತ್ಲಾಗಿದ್ದೀನಿ ಫಾದರ್,” ಅಂದಳು ಅಜ್ಜಿ. “ಹಂಡೆ ಬಿಟ್ಟು ಬರೋಕಾಗಲ್ಲ. ಏನಿದ್ರೂ ಇಲ್ಲೇ ಕೇಳಿ.”

ದಿಕ್ಕಿಲ್ಲದ ರೋಗಿಗಳ ಆ ಮನೆಯಲ್ಲಿ ನಲವತ್ತು ವರ್ಷ ದುಡಿದು ತೀರಿಹೋದ ಸಿಸ್ಟರ್ ಒಬ್ಬರಿಗೆ ಸಂತ ಪದವಿ ಕೊಡಬಹುದೇ ಎಂದು ವಿಚಾರಣೆ ನಡೆಯುತ್ತಿತ್ತು. ರೋಗಿಗಳ ಮಲಮೂತ್ರದ ಬಕೆಟ್ಟನ್ನು ಇನ್ನೊಬ್ಬರ ಕೈಗೆ ಕೊಡದೆ ತಾವೇ ಹೊತ್ತು ಚೆಲ್ಲುತ್ತಿದ್ದ ಅವರನ್ನು ಎಲ್ಲರೂ ಕರೆಯುತ್ತಿದ್ದುದು ಬಕೆಟ್ ಸಿಸ್ಟರ್ ಎಂದೇ. ಡಾಕ್ಟರು, ಅಡುಗೆಯವರು, ಗುಣವಾಗಿ ಹೋದವರು, ಎಲ್ಲರೂ ಬಾಯ್ತುಂಬ ಹೊಗಳಿಯಾಗಿತ್ತು. ಫಾದರ್ ಪಾಲಿಗೆ ಬಂದದ್ದು ತಪ್ಪು ಹುಡುಕುವ ಕೆಲಸ. ಅದಕ್ಕೂ ಒಬ್ಬರು ಬೇಕಲ್ಲ.

ಫಾದರ್ ಸ್ಟೂಲಿನ ಮೇಲೆ ಕೂತು ಬೈಬಲ್ ಚಾಚಿದರು. ಅಜ್ಜಿ ಕೈ ಒರೆಸಿಕೊಂಡು ಅದರ ಮೇಲಿಟ್ಟು, ಸತ್ಯವನ್ನೇ ಹೇಳುತ್ತೇನೆಂದು ಆಣೆ ಮಾಡಿದಳು.

“ಸಿಸ್ಟರ್‌ಗೆ ಕೋಪ ಬರ್ತಿತ್ತಾ ಅಮ್ಮ?”

“ಬರ್ತಿತ್ತು. ಸೋಪು ನೀರಲ್ಲಿ ನೆನೆಯೋಕೆ ಬಿಟ್ರೆ ನನ್ನ ಜನ್ಮ ಜಾಲಾಡ್ತಿದ್ರು.”

“ಅದು ಬಿಡಿ. ಸುಳ್ಳು ಹೇಳಿದ್ದು ಕಂಡಿದ್ದೀರಾ?”

ಕೋಲು ಹಂಡೆಯಲ್ಲೇ ನಿಂತಿತು. ಬಟ್ಟೆಯೊಂದು ಗಾಳಿ ತುಂಬಿಕೊಂಡು ಮೇಲೆದ್ದಿತು. ಅಜ್ಜಿ ಅದನ್ನು ಒತ್ತಿ ಮುಳುಗಿಸಿದಳು. ಅದು ಮತ್ತೆ ಎದ್ದಿತು.

“ಒಂದು ಸಲ,” ಅಂದಳು.

ಕಣ್ಣು ಹೋದ ಬಡಗಿಯೊಬ್ಬ ಕೊನೆಯ ವಾರ್ಡಿನಲ್ಲಿದ್ದ. ಮಗನಿಂದ ಕಾಗದ ಬಂತೇ ಎಂದು ದಿನಾ ಕೇಳುತ್ತಿದ್ದ. ಒಂದು ಮಧ್ಯಾಹ್ನ ಅಜ್ಜಿ ದಿಂಬಿನ ಚೀಲ ಕೊಡಲು ಹೋದಾಗ ಸಿಸ್ಟರ್ ಅವನ ಪಕ್ಕ ಕೂತು ಕಾಗದ ಓದುತ್ತಿದ್ದರು. ಮಗ ಮದುವೆಯಾದನಂತೆ, ಅಪ್ಪ ಮಾಡಿಕೊಟ್ಟ ಮಂಚ ಇನ್ನೂ ಕಿರುಗುಟ್ಟಿಲ್ಲವಂತೆ. ಬಡಗಿ ನಗುತ್ತಿದ್ದ. ಅಜ್ಜಿಗೆ ಓದು ಬಾರದು. ಆದರೆ ಸಿಸ್ಟರ್ ಕೈಯಲ್ಲಿದ್ದ ಕಾಗದ ಅವಳಿಗೆ ಗೊತ್ತಿತ್ತು. ಹಾಸುಬಟ್ಟೆಗೆ ಉದ್ದ ಗೆರೆ, ದಿಂಬಿನ ಚೀಲಕ್ಕೆ ಸೊನ್ನೆ, ಟವೆಲ್ಲಿಗೆ ಕತ್ತರಿ ಗುರುತು. ಅವಳೇ ನೀಲಿ ಪೆನ್ಸಿಲ್ಲಿನಲ್ಲಿ ಹಾಕಿದ್ದ ಒಗೆತದ ಚೀಟಿ ಅದು.

“ಯಾಕೆ ಹಾಗೆ ಮಾಡಿದ್ರಿ ಅಂತ ನೀವು ಕೇಳ್ಲಿಲ್ವಾ?”

“ಕೇಳ್ದೆ. ‘ಮಗ ಬರೆಯೋದು ಮರ್ತ ಅಕ್ಕಾ, ನಾನು ಓದೋದು ಮರೀಲಿಲ್ಲ’ ಅಂದ್ರು.”

ಫಾದರ್ ಬರೆದುಕೊಂಡರು. ಪೆನ್ನು ಓಡುವುದನ್ನೇ ನೋಡುತ್ತಿದ್ದ ಅಜ್ಜಿ ಹಂಡೆ ಬಿಟ್ಟು ಹತ್ತಿರ ಬಂದಳು. “ಇದ್ರಿಂದ ಅವ್ರಿಗೆ ಸಂತ ಪದವಿ ತಪ್ಪಿಹೋಗುತ್ತಾ ಫಾದರ್?”

“ಒಂದು ಸಲ ಅಂದ್ರೆ ಮರುಕ ಅಂದ್ಕೋತಾರೆ. ಅಭ್ಯಾಸ ಅಂತಾದ್ರೆ ಕಷ್ಟ.”

“ಅಭ್ಯಾಸ ಎಲ್ಲಿಂದ ಬಂತು? ನನಗೂ ಓದ್ತಿದ್ರಲ್ಲ. ನನ್ನ ತಮ್ಮ ಹಡಗಲ್ಲಿರೋನು. ವರ್ಷಕ್ಕೆರಡು ಕಾಗದ, ಇಪ್ಪತ್ತು ವರ್ಷ. ಅದ್ರಲ್ಲಿ ಒಂದಕ್ಷರ ಸುಳ್ಳಿದ್ರೆ ಕೇಳಿ.” ಅವಳು ಸೋಪಿನ ಕಪಾಟಿನಿಂದ ಬಿಸ್ಕತ್ತಿನ ಡಬ್ಬ ತಂದು ಅವರ ತೊಡೆಯ ಮೇಲಿಟ್ಟಳು. “ನೋಡ್ಕೊಂಡು ಬಿಡಿ. ನಿಮ್ಮ ಅನುಮಾನಾನೂ ಹೋಗಲಿ.”

ಮೇಲಿದ್ದ ಮೂರು ಹಳೆಯ ಕಾಗದಗಳಿಗೆ ಮಾತ್ರ ಹೊರದೇಶದ ಅಂಚೆಚೀಟಿ ಇತ್ತು. ಫಾದರ್ ನಾಲ್ಕನೆಯದನ್ನು ಬಿಡಿಸಿದರು. ಐದನೆಯದು. ಆಮೇಲೆ ಡಬ್ಬದ ತಳದಿಂದ ಒಂದು.

“ಅದಾ? ಅದ್ರಲ್ಲಿ ಹಡಗಿನ ಬೆಕ್ಕು ಮರಿ ಹಾಕಿದ ಸುದ್ದಿ,” ಅಜ್ಜಿ ಉತ್ಸಾಹದಿಂದ ಹೇಳಿದಳು. “ಕ್ಯಾಪ್ಟನ್ ಟೋಪಿ ಒಳಗೆ ನಾಲ್ಕು ಮರಿ. ಒಂದಕ್ಕೆ ನನ್ನ ಹೆಸರಿಟ್ಟನಂತೆ ಆ ಪೋಲಿ. ಕೊನೇಲಿ ಮಂಡಿನೋವು ಹೇಗಿದೆ ಅಕ್ಕಾ ಅಂತ ಕೇಳಿದ್ದಾನೆ, ಅಲ್ವಾ?”

ಫಾದರ್ ಕೈಯಲ್ಲಿದ್ದದ್ದು ಔಷಧದ ಕೋಣೆಯವರು ಬರೆದ ಪಟ್ಟಿ: ಮಾತ್ರೆ, ಮುಲಾಮು, ಹತ್ತಿ. ಅಕ್ಷರ ಓದಲು ಬಾರದ ಅಜ್ಜಿ ಮುಖ ಓದುವುದರಲ್ಲಿ ಹಿಂದೆ ಬಿದ್ದವಳಲ್ಲ. ಆ ಪಟ್ಟಿಯನ್ನು ಹಿಡಿದ ಅವರ ಕೈಯನ್ನೂ ನೋಡಿದಳು, ಕೆಂಪಾದ ಕಿವಿಯನ್ನೂ ನೋಡಿದಳು. ತಾನೆಂದೂ ಬರೆಸದಿದ್ದ ಮಂಡಿನೋವಿನ ಸುದ್ದಿ ಹಡಗಿನಲ್ಲಿದ್ದ ತಮ್ಮನಿಗೆ ಯಾರು ಹೇಳಿದರು ಎಂದು ಇಷ್ಟು ವರ್ಷ ಅವಳಿಗೆ ಹೊಳೆದಿರಲಿಲ್ಲ. ಸಿಸ್ಟರ್ ಹೋದಮೇಲೆ ಈ ಆರು ವರ್ಷದಲ್ಲಿ ಒಂದು ಕಾಗದವೂ ಏಕೆ ಬರಲಿಲ್ಲ ಎಂಬುದೂ.

ಫಾದರ್ ಗಂಟಲು ಸರಿಮಾಡಿಕೊಂಡರು. ಪಟ್ಟಿಯನ್ನು ಕಣ್ಣಿನ ಹತ್ತಿರ ತಂದರು. “ಪ್ರೀತಿಯ ಅಕ್ಕನಿಗೆ…” ಎಂದು ಶುರುಮಾಡಿ, ಮುಂದಕ್ಕೆ ಏನೂ ತೋಚದೆ ನಿಲ್ಲಿಸಿದರು.

“ಬೇಡ ಬಿಡಿ ಫಾದರ್,” ಅಂದಳು ಅಜ್ಜಿ. “ನಿಮಗೆ ಅಭ್ಯಾಸ ಇಲ್ಲ.”

ಅವಳು ಕಾಗದಗಳನ್ನು ಒಂದೊಂದಾಗಿ ಮಡಚಿ ಡಬ್ಬಕ್ಕೆ ಹಾಕಿದಳು. ಕೋಲು ಎತ್ತಿಕೊಂಡು ಹಂಡೆಯ ಕಡೆ ತಿರುಗಿದಳು. “ಒಂದು ಸಲ ಅಂತ ಬರ್ಕೊಂಡಿದ್ದೀರಲ್ಲ, ಹಾಗೇ ಇರಲಿ. ನಾನು ಕಣ್ಣಾರೆ ಕಂಡಿದ್ದು ಅಷ್ಟೇ.”

ಫಾದರ್ ಆ ಸಾಲನ್ನು ಇನ್ನೊಮ್ಮೆ ಓದಿದರು. ತಿದ್ದಲಿಲ್ಲ. ಕೊನೆಗೆ, ವಿಚಾರಣೆಯ ಹಾಳೆಯಲ್ಲಿ ಖಾಲಿ ಉಳಿದಿದ್ದ ಒಂದೇ ಒಂದು ಜಾಗಕ್ಕೆ ಬಂದು, “ಸಿಸ್ಟರ್ ತೀರಿಕೊಂಡ ದಿನ ನೆನಪಿದೆಯಾ ಅಮ್ಮ?” ಎಂದು ಕೇಳಿದರು.

“ಗುರುವಾರ,” ಅಂದಳು ಅಜ್ಜಿ, ಬೆನ್ನು ತಿರುಗಿಸಿಕೊಂಡೇ. “ನನ್ನ ತಮ್ಮ ಹೋಗಿದ್ದೂ ಅವತ್ತೇ.”