ಬಿಟ್ಟು ಹೋಗುವವರ ಫಾರಂ

"ಈ ಕೆಲಸದಾಗ ನಿಮಗ ಭಾಳ ತ್ರಾಸ ಕೊಟ್ಟಿದ್ದು ಏನ್ರಿ ಅಕ್ಕಾರ?" ಎಂದು ಐಶ್ವರ್ಯಾ ಕೇಳಿದ್ದೇ ತಡ, ಶಿವದೇವಿ ಸೆರಗು ಸೊಂಟಕ್ಕೆ ಸಿಕ್ಕಿಸಿ ನೆಟ್ಟಗೆ ಕೂತಳು. ಹೈದರಾಬಾದಿನ ಈ ವಿಶ್ವವಿದ್ಯಾಲಯದ ಪರೀಕ್ಷಾ ವಿಭಾಗದಲ್ಲಿ ಹನ್ನೊಂದು ವರ್ಷ ಕಳೆದರೂ ಅವಳನ್ನು ಹೀಗೆ ಯಾರೂ ಕೇಳಿರಲಿಲ್ಲ. ಅದೂ ಕನ್ನಡದಲ್ಲಿ! ಸಿಬ್ಬಂದಿ ವಿಭಾಗಕ್ಕೆ ಹೊಸದಾಗಿ ಬಂದಿದ್ದ ಈ ಬೀದರಿನ ಹುಡುಗಿಯ ಮೇಜಿನ ಮೇಲೆ ಶಿವದೇವಿಯ ರಾಜೀನಾಮೆ ಪತ್ರ ಸಹಿಗಾಗಿ ಕಾಯುತ್ತಿತ್ತು.

ಶಿವದೇವಿ ಎಲ್ಲ ಹೇಳಿದಳು. ಉತ್ತರಪತ್ರಿಕೆಗಳು ಹಾರುತ್ತವೆಂದು ಮೇ ತಿಂಗಳ ಉರಿಯಲ್ಲೂ ಫ್ಯಾನು ಹಾಕದೆ ಬೆಂದದ್ದು, ಸಾಹೇಬರು ಇಂದಿಗೂ ಅವಳ ಹೆಸರು ಗೊತ್ತಿಲ್ಲದೆ "ಏ ಎಕ್ಸಾಮಮ್ಮಾ" ಎಂದು ಕೂಗುವುದು. ಐಶ್ವರ್ಯಾ ಒಂದನ್ನೂ ಬಿಡದೆ ಫಾರಂನಲ್ಲಿ ಬರೆದುಕೊಂಡಳು, ಚಹಾ ತರಿಸಿದಳು, "ಆಮ್ಯಾಲೇನಾತ್ರಿ?" ಎಂದಳು. ಮುಕ್ಕಾಲು ಗಂಟೆಯಲ್ಲಿ ಶಿವದೇವಿಯ ಎದೆ ಹತ್ತಿಯಷ್ಟು ಹಗುರಾಯಿತು. ಅವಳು ಕೈ ಚಾಚಿ ಪತ್ರವನ್ನು ತನ್ನತ್ತ ಎಳೆದುಕೊಂಡಳು.

"ಇಷ್ಟು ಕೇಳೋರು ಇದ್ದ ಮ್ಯಾಲೆ ನಾ ಯಾಕ ಬಿಟ್ಟು ಹೋಗ್ಲಿ? ತಿಂಗಳಿಗೊಮ್ಮೆ ಬಂದು ಹೇಳಿ ಹೋಗ್ತೀನಿ."

ಐಶ್ವರ್ಯಾ ಪೆನ್ನಿನ ತುದಿ ಕಚ್ಚಿದಳು. "ಅಕ್ಕಾರ, ಈ ಫಾರಂ ಬಿಟ್ಟು ಹೋಗೋರಿಗಷ್ಟೇ ರಿ. ಇರೋರನ್ನ ಕೇಳೋ ಪದ್ಧತಿ ಇಲ್ಲ."

ಶಿವದೇವಿ ಮೇಜಿನ ಮೇಲಿದ್ದ ವೈಟ್ನರ್ ತೆಗೆದುಕೊಂಡು ಪತ್ರದ ತಾರೀಖನ್ನಷ್ಟೇ ಅಚ್ಚುಕಟ್ಟಾಗಿ ಅಳಿಸಿ, ಉಫ್ ಎಂದು ಊದಿ ಒಣಗಿಸಿ, ಮಡಚಿ ಚೀಲಕ್ಕೆ ಹಾಕಿಕೊಂಡಳು.

"ಮುಂದಿನ ವರ್ಷ ಪರೀಕ್ಷಾ ಮುಗದ ಕೂಡ್ಲೆ ಮತ್ತ ಕೊಡ್ತೀನ್ರಿ," ಎಂದಳು. "ಆವಾಗ ಚಾದಾಗ ಸಕ್ಕರಿ ಸ್ವಲ್ಪ ಕಡಿಮಿ ಇರ್ಲಿ."